ಕಿರುಗುಟ್ಟದ ಪೆಡಲು

ಜಯನಗರದ ನಾಲ್ಕನೇ ಟಿ ಬ್ಲಾಕಿನ ಆ ಮನೆಯ ಕೆಳಭಾಗದಲ್ಲಿ ಜಯಸಿಂಹ ಬಾಡಿಗೆಗಿದ್ದಾನೆ. ಕರೆಂಟಾಫೀಸಿನಲ್ಲಿ ಗುಮಾಸ್ತನಾಗಿ ಸವೆದು ರಿಟೈರಾದವನು. ಮಹಡಿಯಲ್ಲಿ ಮನೆಯೊಡತಿ ಕಾತ್ಯಾಯಿನಮ್ಮ. ಎಂಬತ್ತು ದಾಟಿದ ಜೀವ, ಕಣ್ಣು ಪೂರಾ ಹೋಗಿದೆ. ಕಿವಿ ಮಾತ್ರ ಗೋಡೆ ಮೇಲೆ ಇರುವೆ ಹರಿದರೂ ಕೇಳಿಸುವಂಥದ್ದು.

ದೀಪ ಹಚ್ಚುವ ಹೊತ್ತಿಗೆ ಇವನು ಸ್ಟೀಲ್ ಗಿಟಾರಿನ ಮುಂದೆ ಕೂರುವುದು, ಮೇಲೆ ಆಕೆ ಕಿಟಕಿ ತೆರೆದು ಕೇಳುವುದು, ಮೇಷ್ಟ್ರು ತೀರಿಕೊಂಡ ಲಾಗಾಯ್ತಿನಿಂದ ನಡೆದು ಬಂದ ಪಾಠ. ಮೇಷ್ಟ್ರು ಅಂದರೆ ಆಕೆಯ ಯಜಮಾನರು ಗಂಗಾಧರಯ್ಯ. ಮದುವೆಮನೆಗಳ ಆರ್ಕೆಸ್ಟ್ರಾದಲ್ಲಿ ನುಡಿಸಿ ಹೆಸರು ಮಾಡಿದವರು. ಊರು ಬಿಟ್ಟು ಹೊರಟಿದ್ದ ಅಮೆರಿಕದ ಪಾದ್ರಿಯೊಬ್ಬರಿಂದ ಡ್ಯಾನ್ವಿಲ್ ಕಂಪನಿಯ ಪೆಡಲ್ ಸ್ಟೀಲ್ ತಂದಿದ್ದರು. ನಾಲ್ಕು ಕಾಲಿನ ಮೇಲೆ ಅಂಗಾತ ಮಲಗಿದ ಗಿಟಾರು ಅದು; ಕೆಳಗೆ ಹೊಲಿಗೆ ಮಷೀನಿಗಿರುವ ಹಾಗೆ ಪೆಡಲುಗಳು. ತಂತಿಯ ಮೇಲೆ ಉಕ್ಕಿನ ತುಂಡು ಜಾರಿಸುತ್ತಾ ಪೆಡಲು ಅದುಮಿದರೆ ಸ್ವರ ತೊಟ್ಟಿಲಿನಂತೆ ತೂಗುತ್ತದೆ.

ಆ ಡ್ಯಾನ್ವಿಲ್ಲಿನ ನಡುವಿನ ಪೆಡಲು ಒತ್ತಿದಾಗಲೆಲ್ಲ 'ಕಿರ್' ಅನ್ನುತ್ತಿತ್ತು. ಮೇಷ್ಟ್ರು ಹೋದ ಮೇಲೆ ವಾದ್ಯವನ್ನು ಶಿಷ್ಯ ಜಯಸಿಂಹನ ಕೈಗಿಡುವಾಗ ಕಾತ್ಯಾಯಿನಮ್ಮ ಹೇಳಿದ್ದು ಒಂದೇ ಮಾತು: "ಆ ಪೆಡಲಿಗೆ ಎಣ್ಣೆ ಬಿಡಬೇಡ ಕಣೋ. ಅದು ಅವರ ಕಾಲಿನ ಸದ್ದು."

ಇಷ್ಟು ವರ್ಷ ಆ ಮಾತು ಉಳಿಸಿಕೊಂಡವನಿಗೆ ಈಗ ಮಂಡಿ ಕೈಕೊಟ್ಟಿತು. ಹಳೇ ಪೆಡಲು ಒತ್ತುವುದೆಂದರೆ ಬೋರ್‌ವೆಲ್ ಪಂಪು ಹೊಡೆದ ಹಾಗೆ. ಬಿಟಿಎಮ್‌ನಲ್ಲಿ ಹೋಟೆಲುಗಳಿಗೆ ನುಡಿಸುವ ಸಂಗಮೇಶ ಅಂತೊಬ್ಬ ವಿಜಯಪುರದ ಹುಡುಗ. ಅವನ ಹತ್ತಿರ ಅಷ್ಟೇ ಹಳೆಯದೊಂದು ರಾಸ್‌ಮೋರ್ ಕಂಪನಿಯ ಪೆಡಲ್ ಸ್ಟೀಲ್ ಇತ್ತು. ಕಾಲಿಟ್ಟರೆ ಸಾಕು, ಬೆಣ್ಣೆ. ಅವನಿಗೋ ಡ್ಯಾನ್ವಿಲ್ಲಿನ ಒರಟು ನಾದದ ಹುಚ್ಚು. ಕಾತ್ಯಾಯಿನಮ್ಮ ಬನಶಂಕರಿಯ ಮಗಳ ಮನೆಗೆ ಹೋಗಿದ್ದಾಗ ಅದಕ್ಕಿದು, ಇದಕ್ಕದು ಅಂತ ಅದಲುಬದಲಾಯಿತು. ಡ್ಯಾನ್ವಿಲ್ ಹೊತ್ತ ಟೆಂಪೋ ತಿರುವು ದಾಟುವಾಗ ಜಯಸಿಂಹ ಗೇಟಿನವರೆಗೆ ಓಡಿದ. ಆದರೂ ಕೂಗಿ ನಿಲ್ಲಿಸಲಿಲ್ಲ.

ಆಕೆ ವಾಪಸಾದ ಸಂಜೆ ನುಡಿಸಿ ಮುಗಿಸುತ್ತಿದ್ದಂತೆ ಮೇಲಿಂದ ದನಿ ಬಂತು.

"ಜಯ್ಸಿಂಹ, ಎಣ್ಣೆ ಬಿಟ್ಯೇನೋ?"

"ಸ್ವಲ್ಪ, ಅಮ್ಮಾ... ತುಕ್ಕು ಹಿಡಿದಿತ್ತು."

"ಹ್ಞೂಂ."

ಆಮೇಲೆ ಕಿಟಕಿ ಮುಚ್ಚಿಕೊಂಡಿತು. ಮಾರನೆಯ ಸಂಜೆ ತೆರೆಯಲೇ ಇಲ್ಲ. ಅದರ ಮಾರನೆಯ ಸಂಜೆಯೂ ಇಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದ.

ಕೊನೆಗೆ ಅವನಿಗೊಂದು ಬುದ್ಧಿ ಹೊಳೆಯಿತು, ಅದನ್ನು ಬುದ್ಧಿ ಅನ್ನುವುದಾದರೆ. ಅಡಿಗೆಮನೆಯ ಮೂಲೆಯಲ್ಲಿ ಕಾಲು ಸಡಿಲಾದ ಬೀಟೆ ಮರದ ಕುರ್ಚಿಯೊಂದಿತ್ತು, ವಾಲಿದರೆ 'ಕಿರ್' ಅನ್ನುವಂಥದ್ದು. ಅದನ್ನೆಳೆದು ತಂದು ಕೂತ. ಪೆಡಲು ಒತ್ತಬೇಕಾದಾಗಲೆಲ್ಲ ಸೊಂಟ ವಾಲಿಸಿದ. ಹೆಂಡತಿ ಪಂಕಜಾ ಸೌಟು ಹಿಡಿದುಕೊಂಡೇ ಬಂದು ನೋಡಿದಳು.

"ಇದೇನ್ರೀ, ಮೂಲವ್ಯಾಧಿ ಏನಾದ್ರೂ ಶುರುವಾಯ್ತಾ?"

"ಮೆತ್ತಗೆ ಮಾತಾಡೇ."

"ಕಣ್ಣಿಲ್ಲದವರಿಗೆ ಮಂಕುಬೂದಿ ಎರಚ್ತಿದ್ದೀರಲ್ಲ, ಒಳ್ಳೇದಾಗತ್ತೇನ್ರೀ?"

ಮೇಲೆ ಕಿಟಕಿ ತೆರೆದ ಸದ್ದಾಯಿತು. ಜಯಸಿಂಹನಿಗೆ ಗೆದ್ದ ಖುಷಿ ಅರೆಗಳಿಗೆ. ಆಮೇಲೆ ಮೈಯೆಲ್ಲ ತುರಿಕೆಸೊಪ್ಪು ಸವರಿದಂತಾಯಿತು. ಆದರೂ ದಿನಾ ವಾಲಿದ.

ನವರಾತ್ರಿ ಬಂತು. ಆಯುಧಪೂಜೆಗೆ ಕಾತ್ಯಾಯಿನಮ್ಮ ಮಹಡಿ ಇಳಿದು ಬಂದು, ತಾನೇ ತಡವಿ ತಡವಿ ಪೆಡಲುಗಳಿಗೆ ಅರಿಶಿನ ಕುಂಕುಮ ಹಚ್ಚುವುದು ಪದ್ಧತಿ. ಕುರ್ಚಿ ಕಿವಿಗೆ ಸುಳ್ಳು ಹೇಳಬಲ್ಲದು, ಬೆರಳಿಗೆ ಹೇಳೀತೆ? ಹಿಂದಿನ ದಿನ ಬೆಳಗ್ಗೆಯೇ ಜಯಸಿಂಹ ಬಿಟಿಎಮ್‌ಗೆ ಓಡಿದ.

"ಬರ್ರಿ ಅಂಕಲ್, ಚಾ ಕುಡೀರಿ," ಅಂದ ಸಂಗಮೇಶ.

"ಚಾ ಬೇಡಪ್ಪ. ನಂದು ನಂಗೆ ಕೊಟ್ಬಿಡು, ನಿಂದು ನೀನು ತಗೊ."

ಹುಡುಗ ಮುಖ ನೋಡಿದ. ಆಮೇಲೆ ನಕ್ಕ. "ಒಯ್ರಿ ಬೇಕಂದ್ರ. ಆದ್ರ ಈಗ ನೋಡ್ರಿ ಇದನ್ನ! ನಡುವಿನ ಪೆಡಲ್ ಕಿರಿಕಿರಿ ಮಾಡತಿತ್ತಲ್ಲ, ಕಂಬಿ, ಕೀಲು ಎಲ್ಲಾ ಹೊಸಾವು ಹಾಕಿಸೀನ್ರಿ. ಹಳೇವು ಗುಜರಿಗಿ ಹೋದವು."

ಜಯಸಿಂಹ ಬಗ್ಗಿ ಒತ್ತಿದ. ಸದ್ದಿಲ್ಲ. ಮತ್ತೆ ಒತ್ತಿದ. ಮೇಷ್ಟ್ರ ಕಾಲಿನ ಸದ್ದು ಲೋಕದಲ್ಲಿ ಇನ್ನೆಲ್ಲೂ ಉಳಿದಿರಲಿಲ್ಲ. ಸದ್ದೇ ಇಲ್ಲದ್ದನ್ನು ಒಯ್ದು ಮತ್ತೊಂದು ಸುಳ್ಳು ಹೇಳಲಾರದೆ ಬರಿಗೈಲಿ ಬಸ್ಸು ಹತ್ತಿದ.

ಪೂಜೆಯ ದಿನ ಕಾತ್ಯಾಯಿನಮ್ಮ ಗೋಡೆ ಹಿಡಿದು ಇಳಿದು ಬಂದರು. ಪಂಕಜಾ ಬಟ್ಟಲು ಕೈಗಿತ್ತಳು. ಆಕೆಯ ಬೆರಳು ಮೊದಲು ವಾದ್ಯದ ಮುಂಭಾಗಕ್ಕೆ ಹೋಯಿತು. ಡ್ಯಾನ್ವಿಲ್ಲಿನಲ್ಲಿ ಅಲ್ಲಿ ಹಿತ್ತಾಳೆಯ ಉಬ್ಬಕ್ಷರಗಳಿದ್ದವು. ಇಲ್ಲಿ ನುಣ್ಣನೆಯ ಮರ. ಬೆರಳು ಅಲ್ಲೇ ನಿಂತಿತು. ಆಕೆ ಮೆಲ್ಲಗೆ ಕೆಳಗೆ ಕೂತು, ಯಾವೊಂದನ್ನೂ ಬಿಡದೆ ಎಲ್ಲ ಪೆಡಲಿಗೂ ಕುಂಕುಮವಿಟ್ಟರು. ಎದ್ದು, "ಆ ಕುರ್ಚಿ ಎಲ್ಲಿ?" ಅಂದರು.

"ಅಮ್ಮಾ..."

"ಅದೂ ದುಡಿದಿದೆಯಲ್ಲಪ್ಪ. ಅದಕ್ಕೂ ಹಚ್ತೀನಿ."

ಪಂಕಜಾ ಕುರ್ಚಿ ಮುಂದೆ ತಳ್ಳಿದಳು. ಅದರ ತೋಳಿಗೆ ಆಕೆ ಕುಂಕುಮವಿಡುವಾಗ ಜಯಸಿಂಹ ಕಾಲಿಗೆ ಬಿದ್ದ. ಮಂಡಿ ನೋವು, ಅದಲುಬದಲು, ಗುಜರಿಗೆ ಹೋದ ಕಂಬಿ ಎಲ್ಲವನ್ನೂ ತೊದಲುತ್ತಾ ಒಪ್ಪಿಸಿದ. ಕಾತ್ಯಾಯಿನಮ್ಮ ಅವನ ತಲೆ ಮುಟ್ಟಿದರು.

"ಮಂಡಿ ನೋವು ಅಂದಿದ್ರೆ ಆ ವಾದ್ಯ ಬದಲಾಯಿಸ್ಕೋ ಅಂತ ನಾನೇ ಹೇಳ್ತಿದ್ದೆನಲ್ಲೋ. ಮೊದಲ ದಿನವೇ ಗೊತ್ತಾಯ್ತು. ಕುರ್ಚಿ ತಾಳ ತಪ್ತಿತ್ತು. ಅವರ ಕಾಲು ಒಂದು ದಿನವೂ ತಪ್ಪಿರಲಿಲ್ಲ."

"ಮತ್ತೆ ಕಿಟಕಿ ಯಾಕೆ ತೆಗೆದ್ರಿ ಅಮ್ಮಾ?"

"ನೀನು ಅಷ್ಟು ಕಷ್ಟಪಡ್ತಿದ್ದೆಯಲ್ಲ."

ಪೂಜೆಗಿಟ್ಟ ವಾದ್ಯವನ್ನು ಆ ದಿನ ಮುಟ್ಟುವ ಹಾಗಿರಲಿಲ್ಲ. ವಿಜಯದಶಮಿಯ ಸಂಜೆ ಜಯಸಿಂಹ ಕುರ್ಚಿಯನ್ನು ಗೋಡೆಗೊತ್ತಿ ಇಟ್ಟು, ಸ್ಟೂಲಿನ ಮೇಲೆ ಕೂತು ನುಡಿಸಿದ. ರಾಸ್‌ಮೋರ್ ಸೊಗಸಾಗಿ ಹಾಡಿತು. ನಡುವಿನ ಪೆಡಲಿಗೆ ಕಾಲು ಹೋದಾಗಲೆಲ್ಲ ಕಿವಿ ತಾನಾಗಿ ಕಾಯುತ್ತಿತ್ತು, ಏನೂ ಬರುತ್ತಿರಲಿಲ್ಲ. ಮಹಡಿಯ ಕಿಟಕಿ ಕೊನೆಯವರೆಗೂ ತೆರೆದೇ ಇತ್ತು. ಮುಚ್ಚಿದ್ದರೆ ಅವನಿಗೆ ಎಷ್ಟೋ ವಾಸಿಯಾಗುತ್ತಿತ್ತು.