ಪಿಳ್ಳಪ್ಪನ ಏಡಿ

ಕುಂದಾಣದ ಪಿಳ್ಳಪ್ಪನಿಗೆ ಎರಡು ವಿಷಯದಲ್ಲಿ ಭಾರಿ ಜಂಬ. ಒಂದು, ಅವನ ಒಬ್ಬಳೇ ಮಗಳು ಗಂಗಲಕ್ಷ್ಮಮ್ಮ. ಇನ್ನೊಂದು, ಅವನ ಏಡಿ. ಕೆರೆಯ ಏಡಿಯಲ್ಲ, ಕಬ್ಬಿಣದ್ದು. ಯುದ್ಧ ಮುಗಿದ ಮೇಲೆ ಬೆಂಗಳೂರಿನಲ್ಲಿ ಮಿಲಿಟರಿ ಸಾಮಾನು ಹರಾಜಿಗೆ ಬಂದಾಗ ಉಳಿದವರೆಲ್ಲ ಕಂಬಳಿ, ಬೂಟ್ಸು ಎಂದು ಮುಗಿಬಿದ್ದರೆ, ಇವನು ಒಂದು ಮೈಕು, ಒಂದು ಹಾರ್ನು, ಎರಡು ಬ್ಯಾಟರಿ, ಜೊತೆಗೆ ತಿರುಪು ಹಾಕಿದ ನಾಲ್ಕು ಕಬ್ಬಿಣದ ಹಿಡಿಗಳನ್ನು ಹೊತ್ತು ತಂದ. ಮಾರಿದವನು ಅವನ್ನು ಕ್ಲಾಂಪು ಎಂದಿದ್ದ. ಬಾಯಿ ತೆರೆದು ಕಂಬವನ್ನು ಕಚ್ಚಿಕೊಳ್ಳುವ ಆ ವಸ್ತುವನ್ನು ಕಂಡ ಊರ ಹೆಂಗಸರು ಏಡಿ ಎಂದರು. ಕೊನೆಗೆ ಅದೇ ಹೆಸರು ನಿಂತಿತು.

ಆಗ ಸುತ್ತಲ ಹಳ್ಳಿಗಳಿಗೆ ಕರೆಂಟು ಬಂದಿರಲಿಲ್ಲ. ಮದುವೆಯಾಗಲಿ, ಹರಿಕಥೆಯಾಗಲಿ, ಪಿಳ್ಳಪ್ಪ ಗೋಣಿಚೀಲ ಹೆಗಲಿಗೇರಿಸಿಕೊಂಡು ಬಂದರೇ ಬೆಳಕು, ಸದ್ದು ಎರಡೂ. ಮೂರು ಚಿಕ್ಕ ಏಡಿಗಳಲ್ಲಿ ಗ್ಯಾಸ್‌ಲೈಟು ತೂಗುಹಾಕುತ್ತಿದ್ದ. ನಾಲ್ಕನೆಯದು ದೊಡ್ಡೇಡಿ. ಹಾರ್ನು ಬಿದ್ದು ಯಾರದಾದರೂ ತಲೆ ಒಡೆದೀತೆಂದು ಕಮ್ಮಾರನ ಹತ್ತಿರ ಹೋಗಿ, ಹಾರ್ನಿನ ಕತ್ತನ್ನೇ ದೊಡ್ಡೇಡಿಗೆ ಸೇರಿಸಿ ರಿವೆಟ್ ಹೊಡೆಸಿಬಿಟ್ಟಿದ್ದ.

"ಗುಂಡಿ ತೋಡೋದಿಲ್ಲ, ಮೊಳೆ ಹೊಡಿಯೋದಿಲ್ಲ, ಹಗ್ಗ ಬಿಗಿಯೋದಿಲ್ಲ. ನನ್ ಏಡಿ ಒಂದ್ಸಲ ಕಚ್ತೂ ಅಂದ್ರೆ, ನಾನು ಬಿಡು ಅನ್ನೋಗಂಟ ಬಿಡಲ್ಲ" ಎನ್ನುವುದು ಅವನ ಮಾತು. ಕೇಳಿದವರು ಕೇಳದವರು ಎಲ್ಲರಿಗೂ ಹೇಳುತ್ತಿದ್ದ.

ಒಮ್ಮೆ ದೇವನಹಳ್ಳಿಯ ಫೋಟೋದವನ ಕ್ಯಾಮೆರಾ ಸ್ಟ್ಯಾಂಡಿನ ಕಾಲು ಮುರಿದಾಗ, ಪಿಳ್ಳಪ್ಪ ಎತ್ತು ಹೂಡಿದ ಗಾಡಿಯ ಮೂಕಿಮರಕ್ಕೇ ಏಡಿ ಕಚ್ಚಿಸಿ ಕ್ಯಾಮೆರಾ ಕೂರಿಸಿಕೊಟ್ಟ. ಫೋಟೋದವನು ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿದ ಹೊತ್ತಿಗೆ ಸರಿಯಾಗಿ ಎತ್ತು ನೊಣ ಓಡಿಸಲು ಕತ್ತು ಕೊಡವಿತು. ಪಟದಲ್ಲಿ ಮದುಮಗನಿಗೆ ಮೂರು ಮೂಗು ಬಂದಿದ್ದವು. "ಏಡಿ ಅಲ್ಲಾಡಲಿಲ್ಲ ಸ್ವಾಮಿ, ಗಾಡಿ ಅಲ್ಲಾಡ್ತು" ಎಂದು ಪಿಳ್ಳಪ್ಪ ಅದನ್ನೂ ತನ್ನ ಏಡಿಯ ಹೆಚ್ಚುಗಾರಿಕೆಯ ಲೆಕ್ಕಕ್ಕೇ ಸೇರಿಸಿಕೊಂಡ.

ಸಾವಿರದ ಒಂಬೈನೂರ ನಲವತ್ತೆಂಟರ ಬೇಸಿಗೆಯಲ್ಲಿ ಗಂಗಲಕ್ಷ್ಮಮ್ಮನ ಮದುವೆ ಗೊತ್ತಾಯಿತು. ಸೀರೆ ಬೇಕೇ, ಓಲೆ ಬೇಕೇ ಎಂದು ಅಪ್ಪ ಕೇಳಿದರೆ ಹುಡುಗಿ ಬೇರೆಯದೇ ಕೇಳಿದಳು.

"ಎಲ್ಲರ್ ಮದ್ವೇಲೂ ಅವರವರ ಹೆಸರು ಮೈಕಲ್ಲಿ ಕೂಗಿಸ್ತೀಯ. ನನ್ ಹೆಸರೂ ಕೂಗಿಸಪ್ಪ. ಕೆರೆ ಆಚೆ ಕೋಡಿಹಳ್ಳಿಗೂ ಕೇಳ್ಬೇಕು."

"ಕೋಡಿಹಳ್ಳಿ ಯಾವ ಲೆಕ್ಕ ಮಗ, ದೇವನಳ್ಳಿಗೇ ಕೇಳಿಸ್ತೀನಿ" ಎಂದು ಪಿಳ್ಳಪ್ಪ ಮಾತು ಕೊಟ್ಟ. ಮದುವೆ ಭಾನುವಾರ. ಅದಕ್ಕೆ ಮುಂಚೆ ಗುರುವಾರ ಅದೇ ಕೋಡಿಹಳ್ಳಿಯ ಪಟೇಲ ವೆಂಕಟರಾಯಪ್ಪನ ಮೊಮ್ಮಗಳ ಮದುವೆಯಿತ್ತು. ಅದೊಂದು ಮುಗಿಸಿಬಿಡೋಣ ಎಂದುಕೊಂಡ.

ವೆಂಕಟರಾಯಪ್ಪ ಮಾತು ಕಡಿಮೆಯ ಮನುಷ್ಯ. ಅವನ ಹೆಂಡತಿ ಮುನಿಗಂಗಮ್ಮ ಆ ಮನೆಗೆ ಕಾಲಿಟ್ಟಾಗಿನಿಂದ ಐವತ್ತು ವರ್ಷ ಅವನಿಗೆ ಮಾತಾಡಲು ಸಂದು ಸಿಕ್ಕಿರಲಿಲ್ಲ, ಅಷ್ಟೆ. ಆಕೆ ಏರಿಯ ಮೇಲೆ ನಿಂತು ಕೂಗಿದರೆ ಆಚೆ ದಡದಲ್ಲಿ ಮೇಯುತ್ತಿದ್ದ ದನ ತಲೆಯೆತ್ತುತ್ತಿದ್ದವು. ಅಂಥವಳ ಮನೆಗೆ ಗಂಡ ಹೇಳದೆ ಕೇಳದೆ ಮೈಕ್ ಸೆಟ್ ಗೊತ್ತುಮಾಡಿದ್ದು ಆಕೆಗೆ ದೊಡ್ಡ ಅವಮಾನವಾಗಿತ್ತು.

"ಯಾಕೆ, ನಾನೇನು ಸತ್ತೋಗಿದ್ದೀನಾ? ಆ ತಗಡಿನ ಬಾಯಿ ಯಾಕೆ ಬೇಕಾಗಿತ್ತು?" ಎಂದು ಬುಧವಾರ ಬೆಳಗ್ಗೆ ಪಿಳ್ಳಪ್ಪನನ್ನು ಬಾಗಿಲಲ್ಲೇ ಸ್ವಾಗತಿಸಿದಳು. ಪಿಳ್ಳಪ್ಪ ಚೀಲ ಹೊತ್ತು ಚಪ್ಪರದ ಕಡೆಗೆ ಸರಿದ. ಬಿದಿರಿನ ಗಳಗಳು ದೊಡ್ಡೇಡಿಯ ಬಾಯಿಗೆ ಸಿಗದೆ ಜಾರಿದವು. ಈಶಾನ್ಯ ಮೂಲೆಯಲ್ಲಿ ಮಾತ್ರ ತೊಡೆ ಗಾತ್ರದ ಹಸಿ ಕಂಬವೊಂದು ಭದ್ರವಾಗಿ ನಿಂತಿತ್ತು. ಹಾರ್ನನ್ನು ಎದೆಯೆತ್ತರದಲ್ಲಿಟ್ಟು, ಏಡಿ ಕಚ್ಚಿಸಿ, ತಿರುಪು ಬಿಗಿದು, ಹಿತ್ತಲಲ್ಲಿ ಕೊಟ್ಟ ಮುದ್ದೆ ಉಣ್ಣಲು ಹೋದ.

ನೂರು ಮದುವೆ ಕಂಡ ಪಿಳ್ಳಪ್ಪನಿಗೆ ಅದು ಶಾಸ್ತ್ರಕ್ಕೆ ನೆಟ್ಟ ಹಾಲುಗಂಬ ಎಂದು ತಿಳಿಯಬಾರದೇ? ತಿಳಿಯುತ್ತಿತ್ತು. ಆದರೆ ಬೇರೆಯವರ ಮನೆಯಲ್ಲಿ ಹಾಲುಗಂಬ ಎಂದರೆ ತೋಳಿನ ಗಾತ್ರದ ಅತ್ತಿ ಕೊಂಬೆ. ಪಟೇಲನ ಮನೆಯದಲ್ಲವೇ, ವೆಂಕಟರಾಯಪ್ಪ ಮರವನ್ನೇ ಕಡಿಸಿ ನೆಡಿಸಿದ್ದ. ಇತ್ತ ಮುನಿಗಂಗಮ್ಮನ ಕಣ್ಣಿಗೆ ಪೊರೆ ಬಂದು ಎರಡು ವರ್ಷವಾಗಿತ್ತು. ಮುತ್ತೈದೆಯರನ್ನು ಕೂಡಿಕೊಂಡು ಬಂದು, ಕಂಬಕ್ಕೆ ಹಾಲೆರೆದು, ಅರಿಸಿನ ಬಳಿದು, ಕಂಕಣದ ದಾರವನ್ನು ಕೈಗೆ ಸಿಕ್ಕ ಕಡೆಗೆ ಐದು ಸುತ್ತು ಸುತ್ತಿ ಗಂಟು ಹಾಕಿದಳು. ಉಳಿದ ಹೆಂಗಸರಿಗೆ ಕಾಣುತ್ತಿತ್ತು. ಆದರೆ ಮುನಿಗಂಗಮ್ಮನಿಗೆ ತಪ್ಪು ತೋರಿಸುವ ಗಂಡೆದೆ ಅವರಲ್ಲಿ ಯಾರಿಗೂ ಇರಲಿಲ್ಲ.

ಪಿಳ್ಳಪ್ಪ ಕೈ ತೊಳೆದು ಬಂದು ನೋಡುತ್ತಾನೆ, ದೊಡ್ಡೇಡಿ ಹಳದಿಯಾಗಿ ಮದುಮಗಳಂತೆ ನಿಂತಿದೆ. ದಾರ ಸರಿಯಾಗಿ ತಿರುಪಿನ ಹಿಡಿಗೇ ಸುತ್ತಿಕೊಂಡಿದೆ. ತಿರುಪು ತಿರುಗಿದರೆ ಕಂಕಣ ಹರಿಯುತ್ತದೆ, ತಿರುಗದಿದ್ದರೆ ರಿವೆಟ್ ಹೊಡೆದ ಹಾರ್ನು ಕಂಬ ಬಿಡುವುದಿಲ್ಲ!

ಗುರುವಾರದ ಮದುವೆಯೇನೋ ಅಲ್ಲಿಂದಲೇ ಹಾರ್ನು ಮೊಳಗಿ ಚೆನ್ನಾಗಿ ನಡೆಯಿತು. ಮುಗಿದ ಮೇಲೆ ಪಿಳ್ಳಪ್ಪ ಸಾಮಾನೆಲ್ಲ ಚೀಲಕ್ಕೆ ತುಂಬಿ, ತಿರುಪಿನ ಮೇಲೆ ಮೆಲ್ಲಗೆ ಕೈ ಇಟ್ಟ.

"ಮುಟ್ಟಬೇಡ ಕಣೋ!" ಚಪ್ಪರ ನಡುಗಿತು. "ಹಾಲು ಬಿದ್ದೈತೆ, ಕಂಕಣ ಕಟ್ಟೈತೆ. ಹುಡುಗಿ ತವರಿಗೆ ವಾಪಸ್ ಬಂದ್ಮೇಲೆ, ಸೋಮವಾರ ಬಿಚ್ಚೋದು. ಈಗ ಹರುದ್ರೆ ಅವಳ ಬಾಳು ಏನಾಗ್ಬೇಕು?"

"ಅಜ್ಜಮ್ಮ, ಭಾನುವಾರ ನನ್ ಮಗಳ ಮದ್ವೆ..."

"ನಿನ್ ಏಡಿ ಬಿಡು ಅನ್ನೋಗಂಟ ಬಿಡಲ್ಲ ಅಂತ ಊರೆಲ್ಲ ಸಾರ್ಕೊಂಡು ಬಂದ್ಯಲ್ಲ? ಸೋಮವಾರ ಅಂತೀನಿ ನಾನು, ಬಿಡು ಅಂತ."

ಬೇರೆ ಮೈಕು ತರೋಣವೆಂದರೆ ದೇವನಹಳ್ಳಿಯಲ್ಲಿದ್ದ ಒಂದೇ ಒಂದನ್ನು ಯಾರೋ ಯುಗಾದಿಯಲ್ಲೇ ಗೊತ್ತುಮಾಡಿದ್ದರು. ಶುಕ್ರವಾರವೆಲ್ಲ ಪಿಳ್ಳಪ್ಪ ಮಗಳ ಮುಖ ತಪ್ಪಿಸಿ ಓಡಾಡಿದ. ಶನಿವಾರ ತಡೆಯಲಾರದೆ ಮತ್ತೆ ಕೋಡಿಹಳ್ಳಿಗೆ ಹೋಗಿ ಪಟೇಲನ ಮನೆಯ ಜಗಲಿಯ ಮೇಲೆ ಕುಸಿದು ಕೂತ. ಅಲ್ಲೇ ಕಂಬದ ಮೇಲಿಂದ ಹಾರ್ನು ಅವನನ್ನು ಬಾಯಿಬಿಟ್ಟುಕೊಂಡು ನೋಡುತ್ತಿತ್ತು.

"ಕಂಕಣ ಹರೀರಿ ಅನ್ನಲ್ಲ ಅಜ್ಜಮ್ಮ. ನಿಮ್ ಮಗೂನೂ ಮಗೂನೇ. ಆದ್ರೆ ನನ್ ಹುಡುಗಿ ಹುಟ್ಟಿದಾಗಿಂದ ಒಂದೇ ಕೇಳಿದ್ದು. ನನ್ ಹೆಸರು ಕೋಡಿಹಳ್ಳಿಗೆ ಕೇಳ್ಬೇಕು ಅಂತ. ಊರೋರ ಮಕ್ಕಳ ಹೆಸರೆಲ್ಲ ಕೂಗಿಸ್ದೆ, ನನ್ ಮಗಳದ್ದು ಆಗ್ಲಿಲ್ಲ" ಎನ್ನುತ್ತ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಗೊಳೋ ಎಂದು ಅತ್ತ.

ಮುನಿಗಂಗಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಕೆ ಸುಮ್ಮನಿದ್ದದ್ದನ್ನು ಕಂಡು ವೆಂಕಟರಾಯಪ್ಪ ಗಾಬರಿಯಾಗಿ ಒಳಗಿನಿಂದ ಎದ್ದು ಬಂದ.

"ಏನು ಅವಳ ಹೆಸರು?" ಎಂದಳು ಮುನಿಗಂಗಮ್ಮ.

"ಗಂಗಲಕ್ಷ್ಮಮ್ಮ."

"ನಾಳೆ ಕೋಳಿ ಕೂಗೋ ಹೊತ್ಗೆ ಗಾಡಿ ಕಟ್ಟುಸ್ರಿ" ಎಂದಳು ಗಂಡನಿಗೆ. "ಇವನ ಹಾರ್ನು ನಮ್ಮನೇಲಿ ಸಿಕ್ಕಾಕ್ಕೊಂಡೈತೆ. ಬದಲಿಗೆ ನಾನೇ ಹೋಗ್ತೀನಿ."

ಭಾನುವಾರ ಬೆಳಗ್ಗೆ ಕುಂದಾಣದಲ್ಲಿ ಪಿಳ್ಳಪ್ಪನ ಮನೆ ಮುಂದೆ ಎತ್ತು ಬಿಚ್ಚಿದ ಗಾಡಿಯ ಮೂಕಿಯನ್ನು ಕಲ್ಲಿಗೆ ಆನಿಸಿ, ಗಾಡಿಯ ಹಲಗೆಯ ಮೇಲೆ ಎಪ್ಪತ್ತರ ಅಜ್ಜಿಯನ್ನು ಹತ್ತಿಸಿದರು. ಹಲಗೆ ಅಲ್ಲಾಡಿತು.

"ಲೋ ಪಿಳ್ಳಪ್ಪ, ಕಾಲು ಗಟ್ಟಿಯಾಗಿ ಹಿಡ್ಕೊಳೋ! ನಾನು ಬಿಡು ಅನ್ನೋಗಂಟ ಬಿಡಬೇಡ."

ಪಿಳ್ಳಪ್ಪ ಎರಡೂ ಕೈಯಲ್ಲಿ ಆಕೆಯ ಕಾಲ್ಗಡಗದ ಮೇಲೆ ಬಿಗಿಯಾಗಿ ಹಿಡಿದ. ಮುನಿಗಂಗಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೆರೆಯ ಕಡೆ ತಿರುಗಿ, ಎದೆ ತುಂಬ ಉಸಿರೆಳೆದಳು.

"ಕುಂದಾಣದ ಪಿಳ್ಳಪ್ಪನ ಮಗಳು ಗಂಗಲಕ್ಷ್ಮಮ್ಮನ್ ಮದ್ವೆ ಕಣ್ರಪ್ಪೋ! ಎಲ್ಲಾರೂ ಬರ್ರಪ್ಪೋ! ಉಂಡೋಗ್ರಪ್ಪೋ!"

ವಾಲಗದವನು ಕೈಯಲ್ಲಿದ್ದ ವಾಲಗ ಕೆಳಗಿಟ್ಟ. ಒಳಗೆ ಹಸೆಯ ಮೇಲಿದ್ದ ಹುಡುಗಿ ತನ್ನ ಹೆಸರು ಕೇಳಿ, ಬಾಸಿಂಗ ಜಾರುವಷ್ಟು ನಕ್ಕಳು. ಅಜ್ಜಿ ಒಂದು ಸಲಕ್ಕೆ ನಿಲ್ಲಿಸಲಿಲ್ಲ. ಹುಡುಗಿಯ ಅಪ್ಪನ ಹೆಸರು, ತಾತನ ಹೆಸರು, ಮದುಮಗನ ಊರು, ಅಡುಗೆ ಏನೇನು, ಎಲ್ಲ ಕೂಗಿದಳು. ಪುರೋಹಿತರು ಮುಹೂರ್ತ ಮೀರುತ್ತದೆ ಎಂದರು. ಪಿಳ್ಳಪ್ಪನ ಹೆಂಡತಿ ನರಸಮ್ಮ ಹೊರಗೆ ಓಡಿ ಬಂದು, "ಧಾರೆ ಎರೀಬೇಕು, ಬಾರಯ್ಯೋ!" ಎಂದು ತಲೆ ಚಚ್ಚಿಕೊಂಡಳು.

"ಅಜ್ಜಮ್ಮ ಇನ್ನೂ ಬಿಡು ಅಂದಿಲ್ಲ" ಎಂದ ಪಿಳ್ಳಪ್ಪ, ಬೆವರು ಸುರಿಸುತ್ತ.

ಕೊನೆಗೆ ಆಕೆಯೇ ದಣಿದು ಇಳಿದಳು. ಪಿಳ್ಳಪ್ಪ ಓಡಿ ಹೋಗಿ ಹಸೆಯ ಮುಂದೆ ಕೂತು, ಮಗಳ ಕೈಯನ್ನು ಅಳಿಯನ ಕೈಯೊಳಗೆ ಇಟ್ಟ. ನರಸಮ್ಮ ಹಾಲೆರೆದಳು. ಪುರೋಹಿತರು ಮಂತ್ರ ಮುಗಿಸಿ, ಇನ್ನು ಕೈ ತೆಗೆಯಪ್ಪ ಎಂದರು. ಪಿಳ್ಳಪ್ಪ ತೆಗೆಯಲಿಲ್ಲ. ಎರಡನೇ ಸಲ ಹೇಳಿದರು. ಅವನ ಬೆರಳು ಮಗಳ ಮಣಿಕಟ್ಟಿನ ಸುತ್ತ ಬಿಗಿದೇ ಇದ್ದವು, ಕಣ್ಣಿಂದ ನೀರು ಹಾಲಿನ ಜೊತೆಗೆ ಬೀಳುತ್ತಿತ್ತು. ಅಳಿಯ ಏನು ಮಾಡಬೇಕೋ ತಿಳಿಯದೆ ಅತ್ತಿತ್ತ ನೋಡಿದ.

ಆಗ ಚಪ್ಪರದ ಮೂಲೆಯಿಂದ, ಮಜ್ಜಿಗೆ ಕುಡಿಯುತ್ತಿದ್ದ ಮುನಿಗಂಗಮ್ಮ ಕೂಗಿದಳು.

"ಬಿಡೋ ಪಿಳ್ಳಪ್ಪಾ!"

ಪಿಳ್ಳಪ್ಪ ಬಿಟ್ಟ. ಆ ಕೂಗು ಕೋಡಿಹಳ್ಳಿಯವರೆಗೂ ಕೇಳಿಸಿತಂತೆ.