ಕಾಲರ್ ಸೀಟಿನಿಂದ ಎದ್ದವಳು

ಕೋವಿಡ್ ಮುಗಿದ ಮರುವರ್ಷದ ಮಾತು. ಆಗ ನಾನು ಹೂಟಗಳ್ಳಿಯ ಒಂದು ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಲೈನ್ ಸೂಪರ್‌ವೈಸರ್. ಓದಿದ್ದು ನಾಲ್ಕನೇ ಕ್ಲಾಸು. ಮಿಷನ್ ಮುಂದೆ ಕೂತು ಹೊಲಿದದ್ದು ಹತ್ತೊಂಬತ್ತು ವರ್ಷ, ಆಮೇಲೆ ನಿಂತು ಬೈದದ್ದು ಏಳು ವರ್ಷ. ನನ್ನ ಲೈನಿನಲ್ಲಿ ನಲವತ್ತು ಮಿಷನ್. ಅದರಲ್ಲಿ ಶರ್ಟಿನ ಕಾಲರ್ ಹೊಲಿಯುವ ಸೀಟು ನಾಗರತ್ನಳದು. ಮೂವತ್ತು ದಾಟಿದ ಹೆಂಗಸು, ಇಬ್ಬರು ಮಕ್ಕಳು, ಕೈ ಬಹಳ ಚುರುಕು.

ಮಿಷನ್ ಕೆಟ್ಟರೆ ಕೆಂಪು ಕಾರ್ಡ್ ನೇತುಹಾಕಿ ಮೆಕ್ಯಾನಿಕ್‌ಗೆ ಕಾಯಬೇಕು. ಉಳಿದವರಿಗೆ ಅದು ಹರಟೆ ಹೊಡೆಯುವ ಹೊತ್ತು. ಇವಳು ಮಾತ್ರ ಮೆಕ್ಯಾನಿಕ್ ಬಸವರಾಜು ಪಕ್ಕ ಬಗ್ಗಿ ನಿಂತು, "ಅಣ್ಣ, ಈಗ ತಿರುಗಿಸಿದ್ದು ಯಾವುದು?" ಅನ್ನೋಳು.

ಒಂದು ದಿನ ನಾನೇ ರೇಗಿದೆ. "ನಿಂಗ್ಯಾಕೆ ಅದೆಲ್ಲ?"

"ನಾನು ಮೆಕ್ಯಾನಿಕ್ ಆಗ್ಬೇಕು ಕಣಕ್ಕ."

ಲೈನಿಗೆ ಲೈನೇ ನಕ್ಕಿತು. ನಾನೂ ನಕ್ಕೆ. ಆ ಕೆಲಸದಲ್ಲಿ ಹೆಂಗಸರನ್ನು ನಾನು ಕಂಡೇ ಇರಲಿಲ್ಲ. "ಮೆಕ್ಯಾನಿಕ್ ಮೇಡಂ, ನಮ್ಮನೆ ಮಿಕ್ಸಿ ಕೆಟ್ಟೋಗದೆ, ಬಂದ್ಬುಟ್ಟು ಹೋಗಿ" ಅಂತ ಒಬ್ಬಳು ಛೇಡಿಸಿದಳು. ಇವಳು ನಿಜವಾಗಿಯೂ ಹೋಗಿ ಆ ಮಿಕ್ಸಿ ಬಿಚ್ಚಿ ನೋಡಿ ಬಂದಳು.

ಎರಡು ವರ್ಷ ಹೀಗೇ ನಡೆಯಿತು. ಊಟದ ಅರ್ಧ ಗಂಟೆಯಲ್ಲಿ ಹತ್ತು ನಿಮಿಷಕ್ಕೆ ತಿಂದು ಮುಗಿಸಿ, ಉಳಿದ ಹೊತ್ತು ಸ್ಟೋರಿನಲ್ಲಿ ಬಿದ್ದಿದ್ದ ಹಳೇ ಮಿಷನ್ ಬಿಚ್ಚುವುದು, ಜೋಡಿಸುವುದು. ಭಾಗಗಳ ಚಿತ್ರ, ಹೆಸರು ಎಲ್ಲ ಮಗಳ ಹಳೇ ನೋಟ್‌ಬುಕ್ಕಿನಲ್ಲಿ.

ಕೊನೆಗೆ ಅಸಿಸ್ಟೆಂಟ್ ಮೆಕ್ಯಾನಿಕ್ ಪೋಸ್ಟ್ ಖಾಲಿಯಾಯಿತು. ಟೆಸ್ಟಿಗೆ ನಿಲ್ಲಲು ಸೂಪರ್‌ವೈಸರ್ ಸಹಿ ಬೇಕು. ಅವಳು ಕೊಟ್ಟ ಅರ್ಜಿಯನ್ನು ನಾಲ್ಕು ದಿನ ನನ್ನ ಏಪ್ರನ್ ಜೇಬಿನಲ್ಲೇ ಇಟ್ಟುಕೊಂಡೆ. ಮರೆತಿರಲಿಲ್ಲ. ಅವಳು ಎದ್ದುಹೋದರೆ ಕಾಲರ್ ನಿಲ್ಲುತ್ತದೆ, ಕಾಲರ್ ನಿಂತರೆ ನನ್ನ ಲೈನಿನ ಟಾರ್ಗೆಟ್ ತಪ್ಪುತ್ತದೆ. ಅಷ್ಟೇ ಕಾರಣ.

ಅರ್ಜಿಯ ಕೊನೇ ದಿನ ಬೆಳಗ್ಗೆ, ಗುಂಡಿ ಹೊಲಿಯುವ ರಾಜಮ್ಮನ ಕೈ ಹಿಡಿದುಕೊಂಡು ಬಂದಳು. "ಅಕ್ಕ, ಇವಳು ಹೊಲಿದಿರೋ ಕಾಲರ್ ನೋಡಿ."

ಹತ್ತು ಕಾಲರ್. ತಿರುಗಿಸಿ ತಿರುಗಿಸಿ ನೋಡಿದೆ. ಬೈಯಲು ಏನೂ ಸಿಗಲಿಲ್ಲ.

"ಯಾರೇ ಕಲಿಸಿದ್ದು?"

"ನಾನೇ. ಆರು ತಿಂಗಳಿಂದ, ಟೀ ಬ್ರೇಕಲ್ಲಿ. ಸೀಟು ಖಾಲಿ ಬಿದ್ರೆ ನೀವು ನನ್ನ ಬುಡಲ್ಲ ಅಂತ ಗೊತ್ತಿತ್ತು."

ನನ್ನನ್ನೂ ಒಂದು ಮಿಷನ್ನಿನ ಥರ ಬಿಚ್ಚಿ ನೋಡಿಕೊಂಡಿದ್ದಳು. ಅರ್ಜಿ ಜೇಬಿನಿಂದ ತೆಗೆದು ಸಹಿ ಹಾಕಿದೆ.

ಟೆಸ್ಟಿಗೆ ಐಟಿಐ ಮುಗಿಸಿದ ಇಬ್ಬರು ಗಂಡಸರೂ ಬಂದಿದ್ದರು. ಮ್ಯಾನೇಜರ್ ಒಂದೇ ಥರ ಕೆಡಿಸಿಟ್ಟ ಮೂರು ಮಿಷನ್, ಅರ್ಧ ಗಂಟೆ ಟೈಮು. ದೋಷ ಸ್ಕಿಪ್ ಸ್ಟಿಚ್, ಅಂದರೆ ಹೊಲಿಗೆ ನಡುನಡುವೆ ಬಿಟ್ಟುಹೋಗುವುದು. ಗಂಡಸರು ಕೆಳಗೆ ದಾರ ಹಿಡಿಯುವ ಹುಕ್ ಬಿಚ್ಚಿ ಸರಿಯಾಗಿ ಕೂರಿಸಿದರು. ಹೊಲಿಗೆ ಮತ್ತೂ ಬಿಟ್ಟಿತು. ಮತ್ತೆ ಬಿಚ್ಚಿದರು. ನಾಗರತ್ನ ಮೊದಲು ಸೂಜಿ ನೋಡಿದಳು. ಹಿಂದುಮುಂದಾಗಿ ಹಾಕಿದ್ದರು. ಅದು ಹೊಲಿಯೋರು ಆತುರದಲ್ಲಿ ಮಾಡುವ ತಪ್ಪು, ಹೊಲಿದು ಗೊತ್ತಿದ್ದವರ ಕಣ್ಣಿಗೇ ಬೀಳುವುದು. ಅದನ್ನು ಸರಿ ಮಾಡಿ, ಆಮೇಲೆ ಹುಕ್ಕಿಗೆ ಕೈ ಹಾಕಿದಳು. ಹದಿನೇಳು ನಿಮಿಷಕ್ಕೆ ಹೊಲಿಗೆ ಎಲ್ಲೂ ಬಿಡದೆ ಓಡಿತು.

ಬಸವರಾಜು ಬಟ್ಟೆ ಹಿಡಿದು ಹೊಲಿಗೆ ಎಳೆದು ನೋಡಿದ. "ಇನ್ಮೇಲೆ ಮೇಡಂ ಅಂತಲೇ ಕರೀರಿ ಕಣ್ರೋ, ತಮಾಷೆಗಲ್ಲ" ಅಂದ.

ಆಸೆ ಎಲ್ಲರೂ ಪಡುತ್ತಾರೆ. ಇವಳು ತನ್ನ ಆಸೆಗೆ ಅಡ್ಡ ಬರುವವಳು ಈ ಸೂಪರ್‌ವೈಸರೇ ಅಂತ ಮೊದಲೇ ಕಂಡುಕೊಂಡು, ಅದಕ್ಕೂ ಕೆಲಸ ಮಾಡಿಟ್ಟಿದ್ದಳು. ಈಗ ನಾನು ರಿಟೈರ್ ಆಗಿ ಮನೆಯಲ್ಲಿದ್ದೇನೆ. ಮೊಮ್ಮಗಳು "ಅಜ್ಜಿ, ನಾನು ಪೈಲಟ್ ಆಗ್ತೀನಿ" ಅಂದರೆ ನಗುವುದಿಲ್ಲ.

"ಆಗು. ಇವತ್ತು ಊಟ ಆದ್ಮೇಲೆ ಇಪ್ಪತ್ತು ನಿಮಿಷ ಏನು ಮಾಡ್ದೆ, ಅದನ್ನ ಹೇಳು" ಅನ್ನುತ್ತೇನೆ.