ಕಣ್ಣು ಬಿಡಲಾಗದವಳು ಕೇಳಿಸಿಕೊಂಡದ್ದು

ನಾನು ತೀರ್ಥಹಳ್ಳಿ ಕಡೆಯವಳು. ನರ್ಸಿಂಗ್ ಮುಗಿಸಿ ಹೊಸನಗರ ಸೀಮೆಯ ಒಂದು ಆಸ್ಪತ್ರೆಗೆ ಸೇರಿದ ವರ್ಷವೇ ನನ್ನನ್ನು ತುರ್ತು ವಿಭಾಗಕ್ಕೆ ಹಾಕಿದರು. ಜೀಪೊಂದು ಹಾರನ್ ಹೊಡೆಯುತ್ತ ಗೇಟಿನೊಳಗೆ ನುಗ್ಗಿದರೆ ಸಾಕು, ನನ್ನ ಕೈಕಾಲು ತಣ್ಣಗಾಗುತ್ತಿದ್ದವು. ದಿನ ಕಳೆದಂತೆ ಸರಿಹೋಗುತ್ತದೆ ಎಂದು ಎಲ್ಲರೂ ಹೇಳುತ್ತಿದ್ದರು. ಸರಿಹೋಗಿರಲಿಲ್ಲ.

ಆ ಬೆಳಗ್ಗೆ ಬಂದವಳು ಮಾಸ್ತಿಕಟ್ಟೆ ಕಡೆಯ ನಡುವಯಸ್ಸಿನ ಹೆಂಗಸು. ಕಾಡಂಚಿನಲ್ಲಿ ಉದುರಿ ಒಣಗಿದ ದರಗೆಲೆ ಗುಡಿಸುವಾಗ ಪಾದಕ್ಕೆ ನಾಗರಹಾವು ಕಚ್ಚಿತ್ತು. ಅವಳ ಅಣ್ಣ ಜೀಪಿನಲ್ಲಿ ಕರೆತಂದಿದ್ದ. ಸ್ಟ್ರೆಚರ್ ತಂದರೆ, "ಬ್ಯಾಡ ಬಿಡಿ, ನಡ್ಕಂಡೇ ಬರ್ತೀನಿ" ಎಂದು ಕುಂಟುತ್ತ ಒಳಗೆ ಬಂದಳು. ಅಣ್ಣನ ಮುಖ ಸ್ವಲ್ಪ ಹಗುರಾಯಿತು.

ನನಗೆ ಹೆದರಿಕೆಯಾದದ್ದು ಅವಳ ಕಣ್ಣು ನೋಡಿ. ನಿದ್ದೆಗೆಟ್ಟವರ ಹಾಗೆ ರೆಪ್ಪೆಗಳು ಜೋತುಬಿದ್ದಿದ್ದವು.

"ಸಿಸ್ಟರ್, ಯಾಕೋ ಎಲ್ಲಾ ಎರಡೆರಡು ಕಾಣ್ತದೆ."

"ಮೇಲೆ ನೋಡಿ ಅಕ್ಕಾ."

ಹುಬ್ಬು ಏರಿತು, ರೆಪ್ಪೆ ಏಳಲಿಲ್ಲ. ಒಂದೇ ಉಸಿರಿಗೆ ಎಣಿಸಲು ಹೇಳಿದೆ. ಮೊದಲ ಸಲ ಹತ್ತು ದಾಟಿದಳು. ಸ್ವಲ್ಪ ಹೊತ್ತಿನ ಮೇಲೆ ಐದಕ್ಕೇ ಉಸಿರು ಮುಗಿಯಿತು. ನುಂಗಲಾಗದ ಎಂಜಲು ಬಾಯಿಯಂಚಿನಿಂದ ಇಳಿಯತೊಡಗಿತು. ಮಾನಿಟರಿನಲ್ಲಿ ಆಕ್ಸಿಜನ್ ಮಾತ್ರ ಚೆನ್ನಾಗೇ ತೋರಿಸುತ್ತಿತ್ತು. ಆ ಅಂಕಿ ಬೀಳಲಿ ಎಂದು ಕಾಯುತ್ತ ಕೂತರೆ ತಡವಾಗಿಬಿಡುತ್ತದೆ ಎಂದು ನಮಗೆ ಕಲಿಸಿದ್ದರು. ಓಡಿಹೋಗಿ ಡಾಕ್ಟರಮ್ಮನನ್ನು ಕರೆದೆ.

ವಿಷಕ್ಕೆ ಮದ್ದಿನ ಡ್ರಿಪ್ ಆಗಲೇ ಹೋಗುತ್ತಿತ್ತು. ಅವರು ಬಂದು ಒಂದು ಸಲ ನೋಡಿ, "ಉಸಿರಾಡೋ ಸ್ನಾಯುಗಳೇ ಸೋಲ್ತಾ ಇವೆ. ಟ್ಯೂಬ್ ಹಾಕೋಣ, ತಗೊಂಡು ಬಾ" ಎಂದರು. ಗಂಟಲಿಗೆ ಟ್ಯೂಬ್ ಇಳಿಸಿದರು. ನಾನು ಅದಕ್ಕೆ ಗಾಳಿ ಊದುವ ರಬ್ಬರ್ ಬ್ಯಾಗ್ ಜೋಡಿಸಿ ಒತ್ತತೊಡಗಿದೆ. ಅಲ್ಲಿಂದಾಚೆ ಅವಳ ಉಸಿರು ನನ್ನ ಮುಷ್ಟಿಯಲ್ಲಿತ್ತು.

ಅಣ್ಣ ಒಳಗೆ ಬಂದು ತಂಗಿಯ ಕೈಯೆತ್ತಿ ನೋಡಿದ. ಬಿಟ್ಟೊಡನೆ ಕೈ ದೊಪ್ಪನೆ ಬಿತ್ತು.

"ಹೋದ್ಲು... ಇನ್ಯಾಕ್ ಹಿಂಸೆ ಕೊಡ್ತೀರಿ? ಮನೆಗ್ ತಗಂಡ್ ಹೋಗ್ತೀನಿ."

"ಹಾಗನ್ನಬೇಡಿ," ಎಂದರು ಡಾಕ್ಟರಮ್ಮ. "ಅವರು ಬದುಕಿದ್ದಾರೆ. ಮೈ ಅಲ್ಲಾಡಿಸಕ್ಕೆ, ಕಣ್ಣು ಬಿಡಕ್ಕೆ ಆಗ್ತಿಲ್ಲ, ಅಷ್ಟೆ. ನಾವು ಆಡೋ ಮಾತು ಕೇಳಿಸ್ತಾ ಇರಬಹುದು."

ಅವನು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ.

ವೆಂಟಿಲೇಟರ್ ಇರುವ ದೊಡ್ಡ ಆಸ್ಪತ್ರೆ ಶಿವಮೊಗ್ಗದಲ್ಲಿ. ಡಾಕ್ಟರಮ್ಮ ಇತರ ರೋಗಿಗಳನ್ನು ಬಿಟ್ಟು ಬರುವಂತಿರಲಿಲ್ಲ. ಆಂಬುಲೆನ್ಸ್ ಬಾಗಿಲಲ್ಲಿ ನಿಂತು, "ಬ್ಯಾಗ್ ಗಟ್ಟಿ ಅನ್ನಿಸಿದ್ರೆ ಗಾಬರಿಯಾಗಬೇಡ. ಟ್ಯೂಬ್ ಸರಿದಿದೆಯಾ, ಕಟ್ಟಿಕೊಂಡಿದೆಯಾ ನೋಡು" ಎಂದರು. ಹೂಂ ಎಂದೆ. ಗಾಬರಿ ಆಗಲೇ ನನ್ನೊಳಗೆ ತುಂಬಿತ್ತು.

ದಾರಿಯುದ್ದಕ್ಕೂ ಬ್ಯಾಗ್ ಒತ್ತುತ್ತ ಅವಳ ಜೊತೆ ಮಾತಾಡಿದೆ. "ಅಕ್ಕಾ, ರಿಪ್ಪನ್‌ಪೇಟೆ ಬಂತು. ನಿಮ್ಮಣ್ಣ ಪಕ್ಕದಲ್ಲೇ ಇದಾರೆ. ಉಸಿರು ನಾನು ಕೊಡ್ತಾ ಇದೀನಿ, ಹೆದರಬೇಡಿ." ಆ ಮಾತು ಅರ್ಧ ಅವಳಿಗೆ, ಅರ್ಧ ನನಗೇ.

ಮುಂದೊಂದು ತಿರುವಿನಲ್ಲಿ ಗಾಡಿ ಕುಲುಕಿತು. ಬ್ಯಾಗ್ ಒತ್ತಿದೆ, ಒತ್ತಲಾಗಲಿಲ್ಲ. ಕಲ್ಲಿನ ಹಾಗಿತ್ತು. ಎದೆ ಏರಲಿಲ್ಲ. ಮಾನಿಟರ್ ಕಿರುಚತೊಡಗಿತು. ನನ್ನ ಮಾತು ನಿಂತೇಹೋಯಿತು. ಇವಳು ನನ್ನ ಕೈಯಲ್ಲೇ ಸಾಯುತ್ತಾಳೆ ಎನಿಸಿತು. ತುಟಿಯ ಬಳಿ ಟ್ಯೂಬಿನ ಗುರುತು ನೋಡಿದೆ: ಸರಿದಿರಲಿಲ್ಲ. ಹಾಗಾದರೆ ಒಳಗೆ ಕಫ ಕಟ್ಟಿದೆ. ಅಣ್ಣನಿಗೆ ತಲೆ ಅಲುಗದಂತೆ ಹಿಡಿಯಲು ಸನ್ನೆ ಮಾಡಿ, ಸಣ್ಣ ನಳಿಕೆಯನ್ನು ಟ್ಯೂಬಿನೊಳಗೆ ಇಳಿಸಿ ಕಫ ಎಳೆದೆ. ಅಂಟಂಟಾದ ದಪ್ಪ ಗಡ್ಡೆಯೊಂದು ಬಂತು. ಮತ್ತೆ ಒತ್ತಿದೆ. ಬ್ಯಾಗ್ ಮೆತ್ತಗಾಗಿತ್ತು. ಎದೆ ಏರಿತು.

ಶಿವಮೊಗ್ಗದಲ್ಲಿ ಅವಳನ್ನು ಒಪ್ಪಿಸಿ ಹೊರಗೆ ಬಂದಾಗ ನನ್ನ ಬೆರಳುಗಳನ್ನು ನೆಟ್ಟಗೆ ಮಾಡಲಾಗಲಿಲ್ಲ. ಅಣ್ಣ ಟೀ ತಂದುಕೊಟ್ಟ. ಲೋಟ ಹಿಡಿಯಲಾರದೆ ಕಟ್ಟೆಯ ಮೇಲಿಟ್ಟೆ.

ಅವಳು ಬದುಕಿದಳು. ಪಾದದ ಗಾಯ ಮಾತ್ರ ಬೇಗ ಮಾಯಲಿಲ್ಲ. ಡ್ರೆಸ್ಸಿಂಗಿಗೆ ನಮ್ಮಲ್ಲಿಗೇ ಬರುತ್ತಿದ್ದಳು. ಮೊದಲ ದಿನ ನನ್ನ ಮುಖ ನೋಡಿ ಅವಳಿಗೆ ಗುರುತು ಸಿಗಲಿಲ್ಲ. ನಾನು ಬಾಯಿ ತೆರೆದೊಡನೆ ಕೈ ಹಿಡಿದುಕೊಂಡಳು.

"ನೀವೇ! ಎಲ್ಲಾ ಕೇಳ್ತಿತ್ತು ಸಿಸ್ಟರ್. ಮನೆಗ್ ತಗಂಡ್ ಹೋಗ್ತೀನಿ ಅಂತ ಅಣ್ಣ ಅಂದಿದ್ದೂ ಕೇಳ್ತು. ಬ್ಯಾಡ, ಬದ್ಕಿದೀನಿ ಅಂತ ಒಳಗೇ ಕೂಗ್ದೆ. ಒಂದು ಬೆರಳಾದ್ರೂ ಅಲ್ಲಾಡ್ಲಿಲ್ಲ." ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದಳು, "ದಾರೀಲಿ ನಿಮ್ಮ ಮಾತು ನಿಂತ್ಹೋಯ್ತಲ್ಲ, ಆಗ ಮಾತ್ರ ಸತ್ತೇ ಹೋದೆ ಅಂದ್ಕಂಡೆ."

ಬಾಗಿಲ ಹೊರಗೆ ಅಣ್ಣ ತಲೆ ತಗ್ಗಿಸಿ ನಿಂತಿದ್ದ. ಅವನಿಗೆ ಕೇಳಿಸಿತೋ ಇಲ್ಲವೋ. ನಾನು ಗಾಯದ ಪಟ್ಟಿ ಬಿಚ್ಚತೊಡಗಿದೆ.

"ನಿಧಾನ ಸಿಸ್ಟರ್, ಉರೀತದೆ," ಎಂದಳು.